ಕಂಪನಿಯ ಕೊಡೆ

ದಾವಣಗೆರೆ ಸ್ಟೇಷನ್ನಿನಲ್ಲಿ ಇಳಿದಾಗ ಬೆಳಗಿನ ಐದೂವರೆ. ಜಿಟಿಜಿಟಿ ಮಳೆ. ಅವಳ ತಮ್ಮ ಸೋದರಮಾವನ ಓಮ್ನಿ ತಂದು ಹೊರಗೆ ನಿಲ್ಲಿಸಿಕೊಂಡಿದ್ದ. ನಾನು ಬ್ಯಾಗಿನಿಂದ ಕೊಡೆ ತೆಗೆದು ಬಿಚ್ಚಿದೆ. ಇಬ್ಬರು ಆರಾಮಾಗಿ ನಿಲ್ಲುವಷ್ಟು ದೊಡ್ಡ ನೀಲಿ ಕೊಡೆ, ಸುತ್ತಲೂ ಬಿಳಿ ಅಕ್ಷರದಲ್ಲಿ ಕಂಪನಿಯ ಹೆಸರು.

"ಭಾವ, ಕೊಡಿ ಸೂಪರ್ ಐತಿ. ಕಂಪನಿದಾ?" ಅಂದ.

"ಹ್ಞೂಂ" ಅಂದೆ.

ಆ ದಿನದ ಮೊದಲ ಸುಳ್ಳು ಅದು. ಪೂರ್ತಿ ಸುಳ್ಳೂ ಅಲ್ಲ ಬಿಡಿ. ಕೊಡೆ ಕಂಪನಿಯದೇ. ನಾನು ಮಾತ್ರ ಇಪ್ಪತ್ಮೂರು ದಿನಗಳಿಂದ ಆ ಕಂಪನಿಯವನಾಗಿರಲಿಲ್ಲ.

ಜೂನ್ ಕೊನೆಯಲ್ಲಿ ಒಂದು ವಿಡಿಯೋ ಕಾಲ್ ಬಂದಿತ್ತು. ನಮ್ಮ ಟೀಮಿನ ಒಂಬತ್ತು ಜನಕ್ಕೂ ಸೇರಿ ಒಂದೇ ಕಾಲ್, ಹನ್ನೆರಡು ನಿಮಿಷ. ಮಾರನೇ ದಿನ ಕೊರಿಯರ್‌ನವನು ಬಂದು ಲ್ಯಾಪ್‌ಟಾಪ್, ಚಾರ್ಜರ್, ಐಡಿ ಕಾರ್ಡು ಎಲ್ಲಾ ಲೆಕ್ಕ ಹಾಕಿ ತೆಗೆದುಕೊಂಡು ಹೋದ. ಕೊಡೆ ಕೇಳಲಿಲ್ಲ. ಅದು ದೀಪಾವಳಿಗೆ ಕೊಟ್ಟ ಗಿಫ್ಟು, ಲೆಕ್ಕದಲ್ಲಿರಲಿಲ್ಲ.

ಹಾಸನದಲ್ಲಿರುವ ನಮ್ಮಪ್ಪ ಅಮ್ಮನಿಗೂ ಹೇಳಿರಲಿಲ್ಲ. ಗೊತ್ತಿದ್ದದ್ದು ಅವಳೊಬ್ಬಳಿಗೆ. "ಈಗ ನಮ್ಮನೇಲಿ ಬಾಯಿ ಬಿಡಬೇಡ" ಎಂದು ಅವಳೇ ಹೇಳಿದ್ದಳು. "ಶ್ರಾವಣದಲ್ಲಿ ನಿಶ್ಚಿತಾರ್ಥ ಆಗಿಬಿಡ್ಲಿ. ಅಷ್ಟರಲ್ಲಿ ಬೇರೆ ಕೆಲಸ ಸಿಕ್ಕೇ ಸಿಗುತ್ತೆ."

ಅವಳ ಹೆದರಿಕೆಗೆ ಕಾರಣ ಇತ್ತು. ನಮ್ಮಿಬ್ಬರ ಜಾತಿ ಬೇರೆ. ಅವರಪ್ಪನನ್ನು ಒಪ್ಪಿಸಲು ಎರಡು ವರ್ಷ ಹಿಡಿದಿತ್ತು. ಅವಳ ಅಮ್ಮ, ಚಿಕ್ಕಮ್ಮ, ಸೋದರಮಾವ ಎಲ್ಲರೂ ಸರದಿಯ ಮೇಲೆ ಮಾತಾಡಿ, ಕೊನೆಗೆ ಕೆಲಸಕ್ಕೆ ಬಂದ ಮಾತು ಒಂದೇ ಅಂತೆ: "ಹುಡುಗನ ನೌಕರಿ ಗಟ್ಟಿ ಐತಿ." ಆ ಗಟ್ಟಿ ನೌಕರಿಯ ಮೇಲೆ ನಿಂತ ಒಪ್ಪಿಗೆ ಅದು. ಈಗ ಅದರ ಬುಡ ತೆಗೆಯುವುದು ಹೇಗೆ?

ಆಷಾಢದಲ್ಲಿ ಶುಭಕಾರ್ಯ ಮಾಡಬಾರದು, ಆದರೆ ಹುಡುಗ ಊರು ನೋಡಲು ಬಂದರೆ ತಪ್ಪೇನಿಲ್ಲ ಎಂದು ಅವಳ ಅಜ್ಜಿ ತೀರ್ಪು ಕೊಟ್ಟಿದ್ದರು. ಹಾಗಾಗಿ ಆ ಶನಿವಾರ ನಾನು ಊರು ನೋಡಲು ಬಂದಿದ್ದೆ. ಅವಳು ಎರಡು ದಿನ ಮುಂಚೆಯೇ ಬಂದಿದ್ದಳು.

ದಾವಣಗೆರೆಗೆ ಹೋದವರು ಮೊದಲು ಏನು ನೋಡುತ್ತಾರೆ ಅಂತ ನಿಮಗೆ ಹೇಳಬೇಕಿಲ್ಲ. ಎಂಟೂವರೆಗೆ ಏಳು ಜನ ಒಂದು ಓಮ್ನಿಯಲ್ಲಿ ತುರುಕಿಕೊಂಡು ಬೆಣ್ಣೆ ದೋಸೆ ಹೋಟೆಲಿನ ಮುಂದೆ ಇಳಿದೆವು. ಬೆಂಗಳೂರಿನಲ್ಲಿ ಬೀದಿಗೊಂದು 'ದಾವಣಗೆರೆ ಬೆಣ್ಣೆ ದೋಸೆ' ಬೋರ್ಡು ನೋಡಿದವನು ನಾನು. ಆದರೆ ಸೌದೆ ಒಲೆಯ ಮೇಲೆ ಅಷ್ಟಗಲದ ಕಾವಲಿ, ಅದರ ಮೇಲೆ ಸಾಲಾಗಿ ಬೇಯುವ ದೋಸೆಗಳು, ಅವುಗಳ ಮೇಲೆ ಧಾರಾಳವಾಗಿ ಬೀಳುವ ಬೆಣ್ಣೆ, ಹೊರಗೆ ಮಳೆ, ಒಳಗೆ ಹೊಗೆ. ಇದು ಬೇರೆಯೇ. ನಮ್ಮ ಕಡೆಯ ಮಸಾಲೆ ದೋಸೆಯಂತೆ ಒಳಗೆ ಕೆಂಪು ಚಟ್ನಿ ಸವರುವುದಿಲ್ಲ. ಬಿಳಿ ಕಾಯಿ ಚಟ್ನಿ, ಪಕ್ಕದಲ್ಲಿ ಅರಿಶಿನ ಕೂಡ ಹಾಕದ ಸಪ್ಪೆ ಆಲೂಗಡ್ಡೆ ಪಲ್ಯ. ಹಿಟ್ಟಿಗೆ ಅಕ್ಕಿ ಉದ್ದಿನ ಜೊತೆ ಮಂಡಕ್ಕಿಯನ್ನೂ ನೆನೆಸಿ ರುಬ್ಬುತ್ತಾರೆ ಎಂದು ಅವಳ ಅಮ್ಮ ಹೇಳಿದರು. ಗರಿಗರಿಯಾಗಿದ್ದೂ ಒಳಗೆ ಹತ್ತಿಯಂತಿರುವುದು ಅದಕ್ಕೇ ಇರಬೇಕು.

"ಇನ್ನೊಂದು ತಗೋರ್ರಿ. ಸಂಕೋಚ ಮಾಡ್ಕೋಬ್ಯಾಡ್ರಿ" ಎಂದು ಅವರಮ್ಮ ನನ್ನ ತಟ್ಟೆಗೆ ಮೂರನೆಯದನ್ನು ಹಾಕಿಸಿದರು. ಯಾಕೋ ನನ್ನ ಮುಖವನ್ನೇ ನೋಡುತ್ತಿದ್ದರು.

ಅವರಪ್ಪ ಮಾತಾಡಿದ್ದು ಕಡಿಮೆ. ತೆಳ್ಳಗಿನ ಮನುಷ್ಯ, ಅರವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅರ್ಧ ತೋಳಿನ ಅಂಗಿ. ಬಲಗೈ ತೋರುಬೆರಳಿನ ತುದಿ ಚಪ್ಪಟೆ. "ನಿಮ್ಮ ಆಫೀಸಿಗೆ ರಜಾ ಸಿಕ್ತಾ?" ಅಂತ ಕೇಳಿದರು. "ಸಿಕ್ತು ಅಂಕಲ್" ಅಂದೆ. ಎರಡನೇ ಸುಳ್ಳು. ಶನಿವಾರ ಯಾವ ಆಫೀಸಿಗೆ ರಜೆ ಕೇಳಬೇಕು ಎಂದು ಅವರಿಗೂ ಗೊತ್ತಿತ್ತು, ಮಾತಿಗೆ ಕೇಳಿದ್ದು. ನಾನು ಹಾಗೆ ಉತ್ತರಿಸಿದ್ದಕ್ಕೆ ಅವಳು ಮೇಜಿನ ಕೆಳಗೆ ಕಾಲು ತುಳಿದಳು.

ಅಲ್ಲಿಂದ ಗಾಜಿನ ಮನೆ. ಶಾಮನೂರು ಕಡೆ ಇದೆ. ಬಿಸಿಲಿನಲ್ಲಿ ಹೇಗಿರುತ್ತದೋ ಗೊತ್ತಿಲ್ಲ, ಮಳೆಯಲ್ಲಿ ಒಳಗೆ ನಿಂತರೆ ತಲೆಯ ಮೇಲೆ ನೂರು ತಮಟೆ ಬಾರಿಸಿದ ಹಾಗೆ. "ನಿಮ್ಮ ಲಾಲ್‌ಬಾಗಿಂದಕ್ಕಿಂತ ದೊಡ್ದು ಭಾವ" ಎಂದು ಅವಳ ತಮ್ಮ ಕಿರುಚಿ ಹೇಳಬೇಕಾಯಿತು. ಸೆಲ್ಫಿ, ಗ್ರೂಪ್ ಫೋಟೋ, ಅಜ್ಜಿಯನ್ನು ನಡುವೆ ಕೂರಿಸಿ ಇನ್ನೊಂದು ಫೋಟೋ. ಕುಂದುವಾಡ ಕೆರೆಯ ಏರಿಯ ಮೇಲೆ ನಡೆಯುವ ಪ್ಲಾನ್ ಇತ್ತು, ಮಳೆ ಜೋರಾಗಿ ಅದು ಕಾರಿನ ಕಿಟಕಿಯಿಂದಲೇ ಮುಗಿಯಿತು. ದುಗ್ಗಮ್ಮನ ಗುಡಿಗೆ ಹೋಗಿ ಕೈಮುಗಿದೆವು. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಗೆ ಬರಲೇಬೇಕು ಎಂದು ಅಜ್ಜಿ ಅಲ್ಲೇ ಮಾತು ತೆಗೆದುಕೊಂಡರು. ದೇವಿಯ ಮುಂದೆ ಕೊಟ್ಟ ಮಾತು. ಅಷ್ಟರ ಮಟ್ಟಿಗೆ ನಾನು ಅಳಿಯ ಆಗಿಯೇ ಹೋಗಿದ್ದೆ.

ಓಮ್ನಿಯ ಕಿಟಕಿಯಿಂದ ಅವಳ ಸೋದರಮಾವ ಒಂದೊಂದೇ ತೋರಿಸುತ್ತಿದ್ದರು. ಇಲ್ಲಿ ಹತ್ತಿ ಗಿರಣಿ ಇತ್ತು, ಅಲ್ಲಿ ಇನ್ನೊಂದಿತ್ತು. ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು ನಮ್ಮೂರಿಗೆ. ಈಗ ಗಿರಣಿ ಇಲ್ಲ, ಕಾಲೇಜು ಅದಾವ. ಅವರ ವಾಕ್ಯಗಳೆಲ್ಲ 'ಇತ್ತು' ಎಂದೇ ಮುಗಿಯುತ್ತಿದ್ದವು. ಮುಂದಿನ ಸೀಟಿನಲ್ಲಿ ಅವಳ ಅಪ್ಪ ನನ್ನ ಕೊಡೆಯನ್ನು ಮೊಣಕಾಲ ನಡುವೆ ಊರಿಕೊಂಡು ಸುಮ್ಮನೆ ಕುಳಿತಿದ್ದರು. ಬೆಳಗಿನಿಂದ ಅದು ಅವರ ಕೈಯಲ್ಲೇ ಇತ್ತು. ಅಜ್ಜಿಯನ್ನು ಇಳಿಸಲು, ಹತ್ತಿಸಲು, ಚಪ್ಪಲಿ ಕಾಯಲು, ಎಲ್ಲದಕ್ಕೂ ಅದೇ. ಎಲ್ಲಿ ಹೋದರೂ ನನ್ನ ಕಂಪನಿಯ ಹೆಸರು ನನಗಿಂತ ಎರಡು ಹೆಜ್ಜೆ ಮುಂದೆ ಹೋಗುತ್ತಿತ್ತು.

ಮಧ್ಯಾಹ್ನ ಊಟದ ನಂತರ ಹರಿಹರ. ದಾವಣಗೆರೆಯಿಂದ ಹದಿನಾಲ್ಕೇ ಕಿಲೋಮೀಟರು, ದೊಡ್ಡಬಾತಿ ದಾಟಿದರೆ ಬಂದೇ ಬಿಟ್ಟಿತು. ತುಂಗಭದ್ರೆ ಕೆಂಪಗೆ ದಂಡೆಗೆ ಬಂದಿದ್ದಳು. ಈ ಸೀಮೆಯಲ್ಲಿ ಮಳೆ ಅಷ್ಟಕ್ಕಷ್ಟೇ. ಹೊಳೆ ತುಂಬುವುದು ಮಲೆನಾಡಿನ ಮಳೆಗೆ. ಅಲ್ಲಿ ಸುರಿದದ್ದು ತುಂಗೆ ಭದ್ರೆಗಳಾಗಿ ಹರಿದು, ಕೂಡಲಿಯಲ್ಲಿ ಒಂದಾಗಿ ಇಲ್ಲಿಗೆ ಬರುತ್ತದೆ. ಅವತ್ತು ಮಾತ್ರ ಮೇಲೂ ನೀರು, ಕೆಳಗೂ ನೀರು.

ಹರಿಹರೇಶ್ವರ ದೇವಸ್ಥಾನ ಹೊಳೆಯ ಹತ್ತಿರವೇ ಇದೆ. ನಾನು ಹಾಸನದವನು, ಬೇಲೂರು ಹಳೇಬೀಡು ನೋಡಿ ನೋಡಿ ಬೆಳೆದವನು. ಹೊಯ್ಸಳರ ಗುಡಿ ಎಂದಾಗ ಸ್ವಲ್ಪ ಜಂಬದಿಂದಲೇ ಹೋದೆ. ಬೇಲೂರಿನಂತೆ ಗೋಡೆಗೆಲ್ಲ ಶಿಲ್ಪ ತುಂಬಿದ ಗುಡಿ ಇದಲ್ಲ. ವಿಶಾಲವಾದ ತೆರೆದ ಮಂಟಪ, ಹೊಳೆಯುವ ಕಂಬಗಳು, ಅಂಗಳದಲ್ಲಿ ಆಳೆತ್ತರದ ಶಾಸನಗಳು. 1224ರಲ್ಲಿ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಆಮೇಲೆ 1268ರಲ್ಲಿ ಅದನ್ನು ಬೆಳೆಸಿದವನು ಸೋಮ ದಂಡನಾಯಕ, ಸೋಮನಾಥಪುರ ಕಟ್ಟಿಸಿದ ಅದೇ ಸೋಮ. ಇಷ್ಟನ್ನು ಟ್ರೈನಿನಲ್ಲಿ ಓದಿಕೊಂಡು ಬಂದಿದ್ದೆ, ಸಮಯ ನೋಡಿ ಹೇಳಿ ಮೆಚ್ಚಿಸೋಣ ಎಂದು.

ಅಜ್ಜಿ ಅವಕಾಶ ಕೊಡಲಿಲ್ಲ. ಗರ್ಭಗುಡಿಯ ಮುಂದೆ ನಿಂತು ಅವರೇ ಶುರು ಮಾಡಿದರು. ಗುಹಾಸುರ ಅಂತ ರಾಕ್ಷಸ, ಹರಿಯಿಂದಲೂ ಸಾವು ಬರಬಾರದು ಹರನಿಂದಲೂ ಬರಬಾರದು ಅಂತ ಬ್ರಹ್ಮನ ಹತ್ತಿರ ವರ ಪಡೆದ. ಮಾಡೋದೇನು? ಇಬ್ಬರೂ ಸೇರಿ ಒಂದೇ ದೇಹವಾಗಿ ಬಂದರು. "ನೋಡಪ್ಪ, ಅರ್ಧ ಶಿವ, ಅರ್ಧ ವಿಷ್ಣು. ನಮ್ಮೂರಾಗ ದೇವ್ರೇ ಹೊಂದಿಕೊಂಡು ಕುಂತಾನ, ಮನುಷ್ಯಾರದೇನು" ಅಂದರು. ಅದು ಯಾರಿಗೆ ಹೇಳಿದ್ದೋ! ಅವರಪ್ಪ ಬೇರೆ ಕಡೆ ನೋಡಿದರು.

ಮಳೆ ಮತ್ತೆ ಹೊಯ್ಯತೊಡಗಿತು. ಹೆಂಗಸರು ಮಂಟಪದ ಕಟ್ಟೆಯ ಮೇಲೆ ಕುಳಿತರು. ಅವಳ ತಮ್ಮ ಮೊಬೈಲಿನಲ್ಲಿ ಮುಳುಗಿದ. ನಾನು ಮತ್ತು ಅವಳ ಅಪ್ಪ ಕಂಬಗಳ ಸಾಲಿನಲ್ಲಿ ನಿಂತಿದ್ದೆವು. ಏನಾದರೂ ಮಾತಾಡಬೇಕಲ್ಲ ಅಂತ, "ಇವು ತಿರುಗಣೆ ಕಂಬಗಳು ಅಲ್ವಾ ಅಂಕಲ್, ನಮ್ಮ ಬೇಲೂರಲ್ಲೂ ಇವೆ" ಅಂದೆ.

ಅವರು ಮೊದಲ ಸಲ ನನ್ನ ಕಡೆ ಪೂರ್ತಿ ತಿರುಗಿದರು. "ಇಲ್ಲಿ ಬರ್ರಿ" ಎಂದು ಒಂದು ಕಂಬದ ಹತ್ತಿರ ಕರೆದರು. ಚಪ್ಪಟೆಯಾದ ಆ ಬೆರಳ ತುದಿಯನ್ನು ಕಂಬದ ಉಂಗುರಗಳ ಮೇಲೆ ಮೆಲ್ಲಗೆ ಆಡಿಸಿದರು. "ನೋಡ್ರಿ, ಕೈಯಾಗ ಹಿಡಿದು ಕೆತ್ತಿದ್ರೆ ಹಿಂಗ ಬರಂಗಿಲ್ಲ. ಒಂದು ಸುತ್ತಿನಾಗ ಎಲ್ಲೂ ಏರು ತಗ್ಗಿಲ್ಲ. ಬಳಪದ ಕಲ್ಲು ಮೆತ್ತಗಿರ್ತದ, ತಿರುಗಿಸಿದ್ರೆ ಉಳಿಗೆ ಬಗ್ತದ. ಯಾವ ಕಾಲದಾಗ? ಕರೆಂಟಿಲ್ಲ, ಮೋಟ್ರಿಲ್ಲ. ಜನ ಎಳಿದ್ರೋ, ಎತ್ತು ಕಟ್ಟಿದ್ರೋ."

ಆಮೇಲೆ ಅವರನ್ನು ನಿಲ್ಲಿಸುವವರಿರಲಿಲ್ಲ. ಅವರು ಟರ್ನರ್ ಆಗಿದ್ದರು ಎಂದು ಅವಳು ಹೇಳಿದ್ದಳು, ನನಗೆ ಅದು ಒಂದು ಪದವಾಗಿ ಮಾತ್ರ ಗೊತ್ತಿತ್ತು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಬಂದ ಮೇಲೆ ಹರಿಹರವೆಂದರೆ ಲೇತ್, ಲೇತ್ ಎಂದರೆ ಹರಿಹರ. ಅದರ ಸುತ್ತ ಬಿಡಿಭಾಗ ಮಾಡುವ ಸಣ್ಣಪುಟ್ಟ ಶೆಡ್ಡುಗಳು ಹುಟ್ಟಿಕೊಂಡವು. ಅಂಥದ್ದೊಂದರಲ್ಲಿ ಇವರು ಹದಿನಾಲ್ಕು ವರ್ಷ ದುಡಿದಿದ್ದರು. ಎಂಟನೇ ತರಗತಿಯಲ್ಲಿ ಶಾಲೆಯಿಂದ ಈ ಗುಡಿಗೆ ಕರೆದುಕೊಂಡು ಬಂದಾಗ ಬರೀ ಕಂಬ ಅಂತ ಕಂಡಿದ್ದವು, ಲೇತಿನ ಮುಂದೆ ನಿಂತ ಮೇಲೆ ಬಂದಾಗ ಬೇರೆ ಥರ ಕಂಡವು ಎಂದರು.

"ಲೇತಿನಾಗ ಒಂದು ತಿಳ್ಕೋಬೇಕ್ರಿ. ಟೂಲ್ ತಿರುಗಂಗಿಲ್ಲ. ಜಾಬ್ ತಿರುಗ್ತದ."

"ಜಾಬ್ ಅಂದ್ರೆ?"

"ಚಕ್ಕಿಗೆ ಕಟ್ಟಿರ್ತೀವಲ್ರಿ ಕಬ್ಬಿಣ, ಅದಕ್ಕೇ ಜಾಬ್ ಅನ್ನೋದು. ನಿಮ್ದು ಜಾಬ್ ಅಂದ್ರೆ ನೌಕರಿ. ನಮ್ದು ಜಾಬ್ ಅಂದ್ರೆ ಇದು" ಎಂದು ಕಂಬ ತಟ್ಟಿ ನಕ್ಕರು. "ಎಂಟು ನೂರು ವರ್ಷ ಆತು, ಈ ಜಾಬ್ ಇನ್ನೂ ನಿಂತೈತಿ."

"ನನ್ನ ಜಾಬ್ ಹೋಗಿದೆ ಅಂಕಲ್."

ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಆ ಪದ ಅಲ್ಲಿ ಬಿದ್ದಿತ್ತು, ನಾನು ಎಡವಿದೆ. ಅವರ ಕೈ ಕಂಬದ ಮೇಲೇ ನಿಂತಿತು. ಒಂದು ಕ್ಷಣ ಅವರು ಯಾವ ಜಾಬ್ ಎಂದು ಯೋಚಿಸಿದರು ಅನಿಸುತ್ತದೆ.

"ಯಾವಾಗ?"

"ಇಪ್ಪತ್ಮೂರು ದಿನ ಆಯ್ತು."

"ನನ್ನ ಮಗಳಿಗೆ ಗೊತ್ತೈತೇನು?"

"ಗೊತ್ತು."

"ಹ್ಞಾಂ" ಅಂದರು. ಕೊಡೆ ಬಿಚ್ಚಿದರು. ಬಿಳಿ ಅಕ್ಷರಗಳನ್ನು ಒಮ್ಮೆ ನೋಡಿದರು. ಏನೂ ಹೇಳದೆ ಮಳೆಯಲ್ಲಿ ಹೊಳೆಯ ಕಡೆ ನಡೆದುಬಿಟ್ಟರು.

ನಾನು ಅಲ್ಲೇ ನಿಂತೆ. ಹೋಗಲೋ ಬೇಡವೋ. ಅತ್ತ ಕಟ್ಟೆಯ ಮೇಲಿದ್ದ ಅವಳು ನನ್ನ ಮುಖ ನೋಡಿದ್ದೇ ಎದ್ದು ನಿಂತಳು. ಅವಳ ಅಮ್ಮ ಅವಳ ಕೈ ಹಿಡಿದು ಮತ್ತೆ ಕೂರಿಸಿದರು. ಅದೂ ನನಗೆ ಆಗ ಅರ್ಥವಾಗಲಿಲ್ಲ. ಕೊನೆಗೆ ನೆನೆದುಕೊಂಡೇ ಓಡಿದೆ.

ಅವರು ಹೊಳೆ ಕಾಣುವ ಮೆಟ್ಟಿಲಿನ ಮೇಲ್ತುದಿಯಲ್ಲಿ ನಿಂತಿದ್ದರು. ಕೆಳಗಿನ ಮೆಟ್ಟಿಲುಗಳೆಲ್ಲ ನೀರೊಳಗೆ. ನಾನು ಪಕ್ಕ ನಿಂತಾಗ ಕೊಡೆಯನ್ನು ಸ್ವಲ್ಪ ನನ್ನ ಕಡೆ ವಾಲಿಸಿದರು. ಬಹಳ ಹೊತ್ತು ಮಾತಿಲ್ಲ. ಆಮೇಲೆ ಹೊಳೆಗೆ ಹೇಳುವವರ ಹಾಗೆ ಹೇಳಿದರು.

ದೊಡ್ಡ ಕಾರ್ಖಾನೆಗೆ ಕಷ್ಟ ಬಂದಾಗ ಸಣ್ಣ ಶೆಡ್ಡುಗಳಿಗೆ ಆರ್ಡರ್ ನಿಂತವು. ಒಂದು ದಿನ ಇವರ ಶೆಡ್ಡಿನ ಬಾಗಿಲಿಗೂ ಬೀಗ ಬಿತ್ತು. ಮಗಳಿಗೆ ಆಗ ಮೂರು ವರ್ಷ. ಹರಿಹರದಲ್ಲೇ ಬಾಡಿಗೆ ಮನೆ. ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ಬೆಳಿಗ್ಗೆ ಏಳೂವರೆಗೆ ಎಂದಿನಂತೆ ಡಬ್ಬಿ ಹಿಡಿದು ಹೊರಡುವುದು. ಆ ಕಂಬಕ್ಕೆ ಒರಗಿ ಕೂರುವುದು. ಮಧ್ಯಾಹ್ನ ಈ ಮೆಟ್ಟಿಲ ಮೇಲೆ ರೊಟ್ಟಿ ತಿನ್ನುವುದು. ಶಿಫ್ಟು ಬಿಡುವ ಹೊತ್ತಿಗೆ ಮನೆ. "ಒಂದೂವರೆ ತಿಂಗ್ಳು. ಕಂಬದಾಗ ಎಷ್ಟು ಉಂಗ್ರ ಅದಾವ ಅಂತ ಎಣಿಸಿಬಿಟ್ಟಿದ್ದೆ. ಆಮ್ಯಾಲೆ ದಾವಣಗೆರೆಯಾಗ ಒಂದು ವರ್ಕ್‌ಶಾಪ್‌ನಾಗ ಕೆಲ್ಸ ಸಿಕ್ತು. ಇದನ್ನ ಯಾರಿಗೂ ಹೇಳಿಲ್ಲ. ಇವ್ರಮ್ಮಗೂ ಗೊತ್ತಿಲ್ಲ."

ನಾನು ಏನೋ ಹೇಳಲು ಹೋದೆ. ತಡೆದರು.

"ನಮಗ ಯಾವಾಗ ಹೇಳಾರಿದ್ರಿ?"

ನಿಶ್ಚಿತಾರ್ಥ ಆದ ಮೇಲೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಸುಮ್ಮನಿದ್ದೆ. ಅವರಿಗೆ ತಿಳಿಯಿತು. ಕೊಡೆ ಮತ್ತೆ ನೆಟ್ಟಗಾಯಿತು, ನನ್ನ ಎಡ ಭುಜದ ಮೇಲೆ ಮಳೆ ಬಿತ್ತು.

ವಾಪಸ್ ಬರುವಾಗ ಓಮ್ನಿಯಲ್ಲಿ ಯಾರೂ ಮಾತಾಡಲಿಲ್ಲ, ಅಜ್ಜಿ ಒಬ್ಬರನ್ನು ಬಿಟ್ಟು. ಊರ ಹತ್ತಿರ ಒಂದು ರೈಲ್ವೆ ಅಂಡರ್‌ಪಾಸಿನಲ್ಲಿ ನೀರು ನಿಂತು ಅರ್ಧ ಗಂಟೆ ಸಿಕ್ಕಿಕೊಂಡೆವು. ಜೀವನದಲ್ಲಿ ಅಷ್ಟು ಉದ್ದದ ಅರ್ಧ ಗಂಟೆ ನಾನು ಕಂಡಿಲ್ಲ, ಆ ಹನ್ನೆರಡು ನಿಮಿಷದ ಕಾಲನ್ನೂ ಸೇರಿಸಿ.

ಸಂಜೆ ಮನೆಯಲ್ಲಿ ಮಂಡಕ್ಕಿ ಮಿರ್ಚಿ. ದಾವಣಗೆರೆಯವರು ಇದನ್ನು ತಿಂಡಿ ಎನ್ನುವುದಿಲ್ಲ, ಇದಿಲ್ಲದೆ ಸಂಜೆಯೇ ಆಗುವುದಿಲ್ಲ. ಮಂಡಕ್ಕಿ ಭಟ್ಟಿಗಳದ್ದೇ ಒಂದು ಬಡಾವಣೆ ಇದೆ ಇಲ್ಲಿ. ಕಾದ ಮರಳಿನಲ್ಲಿ ಅಕ್ಕಿ ಹುರಿದು ಅರಳಿಸುತ್ತಾರೆ. ಮಳೆ ಹಿಡಿದರೆ ಅಕ್ಕಿ ಒಣಗುವುದಿಲ್ಲ, ಭಟ್ಟಿಯವರ ದಿನದ ದುಡಿಮೆ ಹೋಗುತ್ತದೆ. "ಈ ವಾರ ಮಂಡಕ್ಕಿನೂ ಮೆತ್ತಗ ಅದಾವ" ಎಂದು ಅವಳ ಅಮ್ಮ ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಹುರಿಗಡಲೆ ಪುಡಿ, ಈರುಳ್ಳಿ, ಕೊತ್ತಂಬರಿ ಹಾಕಿ ಕಲಸುತ್ತಿದ್ದರು. ನನ್ನನ್ನು ಈರುಳ್ಳಿ ಹೆಚ್ಚಲು ಕೂರಿಸಿದ್ದರು. ಅಡುಗೆಮನೆಯಲ್ಲಿ ನಾವಿಬ್ಬರೇ.

"ಹೊಳಿ ದಂಡಿಗೆ ಏನಂದ್ರು ಅವ್ರು?" ಎಂದು ಕೇಳಿದರು.

ನನ್ನ ವಿಷಯ ಮಾತ್ರ ಹೇಳಿದೆ. ಅವರದ್ದು ಹೇಳಲಿಲ್ಲ.

"ನಿಮ್ದು ಗುರುವಾರನೇ ಗೊತ್ತಾತು. ಇಕಿ ಬಂದ ರಾತ್ರಿನೇ ಹೇಳಿದ್ಲು." ನಾನು ಚಾಕು ಕೆಳಗಿಟ್ಟೆ. ನನಗೆ ಬಾಯಿ ಮುಚ್ಚಿಸಿದವಳು ತಾನು ಒಂದು ರಾತ್ರಿಯೂ ತಡೆದುಕೊಂಡಿರಲಿಲ್ಲ. ಮೂರನೇ ದೋಸೆಯ ಅರ್ಥ ಈಗಾಯಿತು. "ಡಬ್ಬಿದು ಹೇಳಿದ್ರೇನು?"

ನಾನು ಮುಖ ಎತ್ತಲಿಲ್ಲ. ಈರುಳ್ಳಿ ಇದ್ದದ್ದು ಒಳ್ಳೆಯದಾಯಿತು.

"ಅಂಗಿ ತೊಳಿಯೋಳು ನಾನಲ್ಲೇನ್ರಿ" ಅಂದರು. "ದಿನಾ ಎಣ್ಣಿ ಜಿಡ್ಡು, ಜೇಬಿನಾಗ ಕಬ್ಬಿಣದ ಚೂರು. ಕೈಗೆ ಚುಚ್ಚತಿದ್ವು. ಒಂದು ದಿನದಿಂದ ಅಂಗಿ ಸ್ವಚ್ಛ ಬರಾಕ ಹತ್ತಿದ್ವು. ಪ್ಯಾಂಟಿನ ಮಡಿಕಿಯಾಗ ಹೊಳಿ ಮರಳು."

"ಕೇಳಲಿಲ್ವಾ ನೀವು?"

"ಅವ್ರೇ ಹೇಳ್ಲಿ ಅಂತ ಡಬ್ಬಿ ಕಟ್ಟಿದೆ. ಇನ್ನೊಂದು ರೊಟ್ಟಿ ಹೆಚ್ಚಿಗಿ ಹಾಕ್ತಿದ್ದೆ, ಹೊಳಿ ಗಾಳಿಗೆ ಹಸಿವು ಜಾಸ್ತಿ." ಮಿರ್ಚಿಯನ್ನು ಎಣ್ಣೆಗೆ ಬಿಟ್ಟರು. ಚೊರ್ ಎಂದಿತು. "ಇವತ್ತಿಗೂ ಹೇಳಿಲ್ಲ ನನಗ. ನೀವು ಇಪ್ಪತ್ಮೂರೇ ದಿನಕ್ಕ ಹೇಳೀರಿ. ಅವ್ರಿಗಿಂತ ವಾಸಿ."

ರಾತ್ರಿ ಹನ್ನೊಂದಕ್ಕೆ ಟ್ರೈನು. ಹೊರಡುವ ಮುಂಚೆ ಹಜಾರದಲ್ಲಿ ಅವರಪ್ಪ ಎಲ್ಲರ ಎದುರಿಗೆ ಹೇಳಿದರು: "ಶ್ರಾವಣ ಬ್ಯಾಡ. ದೀಪಾವಳಿ ಆಗ್ಲಿ. ಆಮ್ಯಾಲೆ ನೋಡಾನ." ಕಾರಣ ಹೇಳಲಿಲ್ಲ. ಕೆಲಸ ಇಲ್ಲದ್ದಕ್ಕೋ, ಮುಚ್ಚಿಟ್ಟದ್ದಕ್ಕೋ, ಇಲ್ಲಾ ಎರಡು ವರ್ಷದ ಹಿಂದಿನ ಆ ಬೇರೆ ಕಾರಣವೇ ಮತ್ತೆ ತಲೆ ಎತ್ತಿತೋ. ಅವಳು ಅತ್ತಳು. ಅಜ್ಜಿ ಮಗನನ್ನು ಗದರಿದರು. ನಾನು ಸರಿ ಅಂದೆ, ಇನ್ನೇನು ಅನ್ನಲಿ.

ಬಾಗಿಲಲ್ಲಿ ಚಪ್ಪಲಿ ಹಾಕುವಾಗ ಕೊಡೆ ನೆನಪಾಯಿತು. ವರಾಂಡದಲ್ಲಿ ಬಿಚ್ಚಿ ಒಣಗಲು ಇಟ್ಟಿದ್ದರು. ತೆಗೆದುಕೊಳ್ಳಲು ಹೋದೆ. "ಇರ್ಲಿ ಬಿಡೋ ತಮ್ಮಾ, ಇನ್ನೂ ಹಸಿ ಐತಿ" ಎಂದರು ಹಿಂದಿನಿಂದ. ಬೆಳಗಿನಿಂದ 'ನೀವು' ಅನ್ನುತ್ತಿದ್ದವರು. "ನಿನಗ ನನ್ನ ಕೊಡಿ ಕೊಡ್ತೀನಿ, ತಗೊಂಡು ಹೋಗು." ಮರದ ಹಿಡಿಯ ಹಳೆಯ ಕಪ್ಪು ಕೊಡೆ. ಒಂದು ಕಡ್ಡಿ ಮುರಿದು ತಂತಿ ಸುತ್ತಿದ್ದಾರೆ. ಸುತ್ತಿರುವುದು ಎಷ್ಟು ನೀಟು ಎಂದರೆ ಹುಡುಕಿದರೆ ಮಾತ್ರ ಕಾಣುತ್ತದೆ.

ದಸರಾ ಮುಗಿಯಿತು. ಮೂರು ಕಡೆ ಇಂಟರ್‌ವ್ಯೂ ಆಗಿದೆ, ಒಂದು ಕಡೆಯಿಂದ ಎರಡನೇ ರೌಂಡಿಗೆ ಕರೆದಿದ್ದಾರೆ, ಸಂಬಳ ಹಿಂದಿನದಕ್ಕಿಂತ ಕಡಿಮೆ. ಹಾಸನದಲ್ಲೂ ಹೇಳಿದ್ದೇನೆ. ಭಾನುವಾರ ರಾತ್ರಿ ಎಂಟೂವರೆಗೆ ದಾವಣಗೆರೆಯಿಂದ ಫೋನ್ ಬರುತ್ತದೆ. ಅವಳಿಗಲ್ಲ, ನನಗೆ. "ಊಟ ಆತೇನು?" ಅನ್ನುತ್ತಾರೆ. "ಆಯ್ತು, ನಿಮ್ದು?" ಅನ್ನುತ್ತೇನೆ. ಮಳೆ ಐತೇನು ಅಂತ ಕೇಳುತ್ತಾರೆ. ಕೆಲಸದ ಮಾತು ಅವರು ತೆಗೆಯುವುದಿಲ್ಲ, ನಾನೇ ಹೇಳುತ್ತೇನೆ. ಕಳೆದ ವಾರ ಮಾತ್ರ ಹಿಂದಿನಿಂದ ಅವಳ ಅಮ್ಮನ ದನಿ ಕೇಳಿಸಿತು. ಸಂತೆಗೆ ಹೊರಟಿದ್ದರು, ಕಂಪನಿ ಕೊಡೆ ಎಲ್ಲಿಟ್ಟೀರಿ ಅಂತ ಕೇಳುತ್ತಿದ್ದರು.